ನಲ್ಲಿ ನೀರಿನ ಗಡಸುತನ: ಅಳೆಯುವುದು, ಇಳಿಸುವುದು, ಕುಡಿಯಬಹುದೇ ಎಂದು ನೋಡುವುದು

ಎಷ್ಟು ಉಜ್ಜಿದರೂ ಸೋಪು ನೊರೆ ಬಿಡುವುದಿಲ್ಲ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪಟ್ಟೆ ಕೂತಿರುತ್ತದೆ, ಶವರಿನ ತೂತುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ, ಗೀಸರ್ ಕಾಯಲು ಹೋದ ವರ್ಷಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಇವಿಷ್ಟೂ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂನ ಕೆಲಸ. ಇದಕ್ಕೆ ಹೆದರಿ ಹೆಚ್ಚಿನವರು ನೇರವಾಗಿ ಒಂದು ಆರ್‌ಓ ಯಂತ್ರ ತಂದು ಅಡುಗೆಮನೆಯಲ್ಲಿ ಹಾಕಿಸುತ್ತಾರೆ. ಗೀಸರ್, ವಾಷಿಂಗ್ ಮಷೀನ್, ಬಚ್ಚಲಿನ ನಲ್ಲಿಗಳ ಪಾಡು ಹಾಗೇ ಉಳಿಯುತ್ತದೆ.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ನೀರು ಎಷ್ಟು ಗಡಸು ಎಂಬುದು ಒಂದು, ಕುಡಿಯಲು ಸುರಕ್ಷಿತವೇ ಎಂಬುದು ಇನ್ನೊಂದು. ತೀರಾ ಗಡಸಾದ ನೀರೂ ಕುಡಿಯಲು ಸುರಕ್ಷಿತವಾಗಿರಬಹುದು. ಮೃದುವಾಗಿ, ಕನ್ನಡಿಯಂತೆ ತಿಳಿಯಾಗಿರುವ ನೀರಿನಲ್ಲಿ ರೋಗಾಣು ತುಂಬಿರಬಹುದು. ಗಡಸುತನಕ್ಕೆ ಆರೋಗ್ಯದ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಯಾವ ಮಿತಿಯನ್ನೂ ಹಾಕಿಲ್ಲ. ಕುಡಿಯುವ ನೀರಿನ ಗಡಸುತನದಿಂದ ಕೆಡುಕಾಗುತ್ತದೆ ಎನ್ನಲು ಒಪ್ಪುವಂಥ ಪುರಾವೆ ಇಲ್ಲ ಎಂಬುದು ಅದರ ನಿಲುವು. ಗಡಸುತನ ಕೆಡಿಸುವುದು ಪೈಪು, ಹೀಟರ್, ಬಟ್ಟೆಗಳನ್ನು. ಆದ್ದರಿಂದ ಎರಡನ್ನೂ ಬೇರೆಯಾಗಿಯೇ ಅಳೆದು, ಬೇರೆಯಾಗಿಯೇ ಪರಿಹರಿಸಬೇಕು.

ಯಾವ ದಿನದ ನೀರು?

ಸಣ್ಣ ಊರಿನ ನಲ್ಲಿಯಲ್ಲಿ ವರ್ಷವಿಡೀ ಒಂದೇ ನೀರು ಬರುವುದು ಅಪರೂಪ. ಮಳೆಗಾಲದಲ್ಲಿ ಹೊಳೆ ಅಥವಾ ಕೆರೆಯ ನೀರು, ಬೇಸಿಗೆಯಲ್ಲಿ ಬೋರ್‌ವೆಲ್ ನೀರು, ನಡುವೆ ಎರಡರ ಮಿಶ್ರಣ. ಮೇಲ್ಮೈ ನೀರು ಸಾಮಾನ್ಯವಾಗಿ ಮೃದು. ಕಲ್ಲಿನ ಪದರಗಳ ನಡುವೆ ವರ್ಷಗಟ್ಟಲೆ ನಿಂತು ಬಂದ ಬೋರ್‌ವೆಲ್ ನೀರು ಗಡಸು. ಒಂದೇ ಮನೆಯಲ್ಲಿ ಒಂದು ವಾರ ಲೀಟರಿಗೆ 80 ಮಿ.ಗ್ರಾಂ ಬಂದ ಗಡಸುತನದ ಅಂಕಿ ಮುಂದಿನ ವಾರ 450 ಆಗುವುದು ಹೀಗೆ. ಒಂದೇ ಸಲ ಅಳೆದು, ನೀರನ್ನು ಮೃದು ಮಾಡುವ ಯಂತ್ರವಾದ ಸಾಫ್ಟ್‌ನರಿನ ಗಾತ್ರ ತೀರ್ಮಾನಿಸಿದರೆ ಅದು ಸಣ್ಣದಾಗುತ್ತದೆ, ಇಲ್ಲವೇ ದಂಡಕ್ಕೆ ದೊಡ್ಡದಾಗುತ್ತದೆ.

ನೀರು ಬಿಡುವವರನ್ನು ಕೇಳಿ ಯಾವ ಮೂಲದ ನೀರು ಯಾವಾಗ ಬರುತ್ತದೆ ಎಂದು ತಿಳಿದುಕೊಳ್ಳಿ. ಪ್ರತಿ ಮೂಲದ ಮಾದರಿಯನ್ನೂ ಬೇರೆಯಾಗಿ ಹಿಡಿಯಿರಿ. ಬೀದಿ ಕೊಳವೆಯಿಂದ ನೇರ ಬರುವ ನಲ್ಲಿಯಲ್ಲಿ, ನೀರು ಬಿಟ್ಟ 5-10 ನಿಮಿಷದ ನಂತರ ಹಿಡಿಯುವುದು ಸರಿ. ಸಂಪಿನಲ್ಲಿ ನೆನ್ನೆಯ ನೀರೂ ಇವತ್ತಿನದೂ ಕಲೆತಿರುತ್ತದೆ, ಆ ಅಂಕಿಯಿಂದ ಮೂಲದ ಬಗ್ಗೆ ಏನೂ ತಿಳಿಯದು. ಮನೆಯಲ್ಲಿ ಸ್ವಂತ ಬೋರ್‌ವೆಲ್ ಇದ್ದರೆ ಅದನ್ನೂ ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲದ ನಂತರ ಒಮ್ಮೆ ನೋಡಿ.

ಟಿಡಿಎಸ್ ಮೀಟರ್ ಗಡಸುತನ ತೋರಿಸುವುದಿಲ್ಲ

ಪೆನ್ನಿನಷ್ಟು ಗಾತ್ರದ ಟಿಡಿಎಸ್ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದನ್ನು ಒಂದು ಗುಣಕದಿಂದ ಗುಣಿಸಿ, ಕರಗಿರುವ ಎಲ್ಲ ಲವಣಗಳ ಅಂದಾಜು ಕೊಡುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಅಡುಗೆ ಉಪ್ಪು ಎಷ್ಟು ಎಂದು ಅದಕ್ಕೆ ಗೊತ್ತಾಗದು. ಸಾಫ್ಟ್‌ನರ್ ದಾಟಿ ಬಂದ ನೀರಿನ ಗಡಸುತನ ಶೂನ್ಯವಾಗಿದ್ದರೂ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಏಕೆಂದರೆ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದಿರುತ್ತದೆ. ಇದನ್ನು ತಿಳಿಯದೆ ಚೆನ್ನಾಗಿಯೇ ಓಡುತ್ತಿರುವ ಸಾಫ್ಟ್‌ನರನ್ನು ಕೆಟ್ಟಿದೆ ಎಂದು ಬದಲಿಸಿದವರು ಇದ್ದಾರೆ. ಆರ್‌ಓ ಮೆಂಬ್ರೇನಿನ (ನೀರು ಸೋಸುವ ತೆಳು ಹಾಳೆ) ಸ್ಥಿತಿ ನೋಡಲು ಈ ಮೀಟರ್ ಉಪಯುಕ್ತ. ಅದಕ್ಕೆ ಮಾತ್ರ ಇಟ್ಟುಕೊಳ್ಳಿ.

ಖರ್ಚಿಲ್ಲದೆ ಅಂದಾಜು ಬೇಕಿದ್ದರೆ ಸೋಪಿನ ಪರೀಕ್ಷೆ ಮಾಡಿ. ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿಗಳಲ್ಲಿ, ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಡಿಸ್ಟಿಲ್ಡ್ ನೀರು ಅಥವಾ ಶುದ್ಧವಾಗಿ ಹಿಡಿದ ಮಳೆನೀರು, ತಲಾ 200 ಮಿ.ಲೀ. ಹಾಕಿ. ಕರಗಿಸಿದ ಸಾಬೂನಿನ ನೀರನ್ನು ಎರಡಕ್ಕೂ 10 ಹನಿ ಹಾಕಿ 20 ಸಲ ಜೋರಾಗಿ ಕುಲುಕಿ. ಮೃದು ನೀರಿನಲ್ಲಿ ನೊರೆ ಗಟ್ಟಿಯಾಗಿ ನಿಲ್ಲುತ್ತದೆ, ಕೆಳಗಿನ ನೀರು ತಿಳಿಯಾಗಿರುತ್ತದೆ. ಗಡಸು ನೀರು ಹಾಲಿನಂತೆ ಮಸುಕಾಗಿ, ಮೇಲೆ ಮೊಸರೊಡೆದಂಥ ಚೂರು ತೇಲುತ್ತದೆ. ಇಲ್ಲಿ ಅಪ್ಪಟ ಸಾಬೂನೇ ಬೇಕು. ಶಾಂಪೂ, ಪಾತ್ರೆ ತೊಳೆಯುವ ದ್ರವ, ಬಟ್ಟೆಯ ಡಿಟರ್ಜೆಂಟ್‌ಗಳನ್ನು ಗಡಸು ನೀರಿನಲ್ಲೂ ನೊರೆ ಬರುವಂತೆಯೇ ತಯಾರಿಸಿರುತ್ತಾರೆ, ಅವು ಫಲಿತಾಂಶವನ್ನು ಮರೆಮಾಚುತ್ತವೆ.

ಹನಿ ಎಣಿಸಿ ಅಳೆಯುವುದು

ನಿಜವಾದ ಅಂಕಿ ಕೊಡುವುದು ಟೈಟ್ರೇಷನ್, ಅಂದರೆ ಬಣ್ಣ ಬದಲಾಗುವವರೆಗೆ ಅಳತೆಯ ದ್ರಾವಣ ಹಾಕುತ್ತ ಲೆಕ್ಕ ಹಿಡಿಯುವುದು. ಮನೆಬಳಕೆಗೆ ಸಿಗುವ ಗಡಸುತನದ ಹನಿ ಕಿಟ್‌ಗಳೆಲ್ಲ ಇದನ್ನೇ ಹನಿಗಳ ಲೆಕ್ಕದಲ್ಲಿ ಮಾಡುತ್ತವೆ. ಕಾಗದದ ಪಟ್ಟಿಗಿಂತ ಹನಿ ಕಿಟ್ ಎಷ್ಟೋ ಮೇಲು. ಪಟ್ಟಿಯಲ್ಲಿ 250ಕ್ಕೂ 400ಕ್ಕೂ ಬಣ್ಣದ ವ್ಯತ್ಯಾಸ ಕಾಣುವುದೇ ಕಷ್ಟ.

ಮಾಡುವ ಕ್ರಮ ಹೀಗಿದೆ. ಕಿಟ್‌ನ ಸೀಸೆಯನ್ನು ಅಳೆಯಬೇಕಾದ ನೀರಿನಿಂದಲೇ ಎರಡು ಸಲ ತೊಳೆದು, ಗೆರೆಯವರೆಗೆ ತುಂಬಿ. ಬಫರ್ ದ್ರಾವಣವನ್ನು ಹೇಳಿದಷ್ಟು ಹನಿ ಹಾಕಿ; ಅಮೋನಿಯಾದ ಘಾಟು ಬರುತ್ತದೆ, ಅದು ನೀರಿನ ಪಿಎಚ್ ಅನ್ನು 10ಕ್ಕೆ ಏರಿಸುತ್ತದೆ. ನಂತರ ಸೂಚಕ ಪುಡಿ ಚಿಟಿಕೆ. ಗಡಸುತನ ಇದ್ದರೆ ನೀರು ದ್ರಾಕ್ಷಾರಸದ ಕೆಂಪಿಗೆ ತಿರುಗುತ್ತದೆ. ಈ ಹಂತದಲ್ಲೇ ನೀಲಿ ಕಂಡರೆ ಗಡಸುತನ ಇಲ್ಲವೆಂದೇ ಅರ್ಥ. ಆಮೇಲೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಒಂದೊಂದೇ ಹನಿ ಹಾಕುತ್ತ, ಪ್ರತಿ ಹನಿಗೂ ಸೀಸೆಯನ್ನು ತಿರುಗಿಸುತ್ತ ಎಣಿಸಿ. ಬಹಳ ಹೊತ್ತು ಕೆಂಪು ಕೆಂಪಾಗಿಯೇ ಇದ್ದು, ಕೊನೆಯಲ್ಲಿ ನೇರಳೆಯ ಛಾಯೆ ಬರುತ್ತದೆ. ಇಲ್ಲಿಂದ ನಿಧಾನ. ಬಿಳಿ ಕಾಗದದ ಮೇಲಿಟ್ಟು, ಹನಿಗೊಂದು ಮೂರು-ನಾಲ್ಕು ಸೆಕೆಂಡು ಬಿಟ್ಟು ನೋಡಿ. ಕೆಂಪಿನ ಕೊನೆಯ ಸುಳಿವೂ ಹೋಗಿ ಅಪ್ಪಟ ನೀಲಿಯಾದ ಹನಿಯೇ ಕೊನೆಯದು. ಹನಿಗಳ ಎಣಿಕೆಯನ್ನು ಕಿಟ್ ಮೇಲೆ ಬರೆದ ಸಂಖ್ಯೆಯಿಂದ ಗುಣಿಸಿದರೆ ಗಡಸುತನ ಲೀಟರಿಗೆ ಇಷ್ಟು ಮಿಲಿಗ್ರಾಂ (ಕ್ಯಾಲ್ಸಿಯಂ ಕಾರ್ಬೋನೇಟಿನ ಲೆಕ್ಕದಲ್ಲಿ) ಎಂದು ಬರುತ್ತದೆ.

ಬ್ಯುರೆಟ್ (ಗೆರೆ ಹಾಕಿದ ಅಳತೆಯ ಗಾಜಿನ ಕೊಳವೆ) ಬಳಸುವವರಿಗೆ ಲೆಕ್ಕ ಇನ್ನೂ ಸುಲಭ. 0.01 ಮೋಲಾರ್ ಇಡಿಟಿಎಯ 1 ಮಿ.ಲೀ., 1 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟಿಗೆ ಸಮ. 50 ಮಿ.ಲೀ. ಮಾದರಿಗೆ ಖರ್ಚಾದ ಮಿಲಿಲೀಟರನ್ನು 20ರಿಂದ ಗುಣಿಸಿ. ನೀರು ತುಂಬ ಗಡಸಾಗಿದ್ದರೆ 25 ಮಿ.ಲೀ. ಮಾದರಿಗೆ ಅಷ್ಟೇ ಡಿಸ್ಟಿಲ್ಡ್ ನೀರು ಸೇರಿಸಿ, 40ರಿಂದ ಗುಣಿಸಿ. ಬಫರ್ ಹಾಕಿದ ಮೇಲೆ 5 ನಿಮಿಷದೊಳಗೆ ಮುಗಿಸಿಬಿಡಬೇಕು, ತಡವಾದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ಇಳಿದು ಅಂಕಿ ಕಡಿಮೆ ಬರುತ್ತದೆ.

ಬಣ್ಣ ನೀಲಿಗೆ ತಿರುಗದೆ ನೇರಳೆಯಲ್ಲೇ ಎಳೆದಾಡುತ್ತಿದ್ದರೆ ಎರಡು ಕಾರಣಗಳನ್ನು ಮೊದಲು ನೋಡಿ. ಬಫರ್ ಹಳೆಯದಾಗಿ ಅಮೋನಿಯಾ ಆರಿಹೋಗಿರಬಹುದು. ಮುಚ್ಚಳ ತೆರೆದಾಗ ಘಾಟಿಲ್ಲದಿದ್ದರೆ ಎಸೆದು ಹೊಸದು ತನ್ನಿ. ಅಥವಾ ನೀರಿನಲ್ಲಿ ಕಬ್ಬಿಣ, ತಾಮ್ರ ಇದ್ದು ಸೂಚಕವನ್ನು ಕೆಡಿಸುತ್ತಿರಬಹುದು. ಬೋರ್‌ವೆಲ್ ನೀರನ್ನು ರಾತ್ರಿಯಿಡೀ ನಿಲ್ಲಿಸಿ, ತಳದಲ್ಲಿ ಕೆಂಪು ಗಸಿ ಕೂತಿದೆಯೇ ನೋಡಿದರೆ ಕಬ್ಬಿಣದ ಸುಳಿವು ಸಿಗುತ್ತದೆ.

ಪ್ರಯೋಗಾಲಯದ ವರದಿ ಕೈಯಲ್ಲಿದ್ದು ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇರೆ ಬೇರೆ ಕೊಟ್ಟಿದ್ದರೆ, ಕ್ಯಾಲ್ಸಿಯಂ ಅಂಕಿಯನ್ನು 2.5ರಿಂದ, ಮೆಗ್ನೀಷಿಯಂ ಅಂಕಿಯನ್ನು 4.1ರಿಂದ ಗುಣಿಸಿ ಕೂಡಿಸಿ. ಯಂತ್ರಗಳ ಕೈಪಿಡಿಯಲ್ಲಿ ಬೇರೆ ಮಾನ ಕಂಡರೆ: 1 ಜರ್ಮನ್ ಡಿಗ್ರಿ ಲೀಟರಿಗೆ 17.8 ಮಿ.ಗ್ರಾಂ, 1 ಫ್ರೆಂಚ್ ಡಿಗ್ರಿ 10 ಮಿ.ಗ್ರಾಂ, ಗ್ಯಾಲನ್ನಿಗೆ 1 ಗ್ರೇನ್ ಅಂದರೆ 17.1 ಮಿ.ಗ್ರಾಂ.

ಲೀಟರಿಗೆ 60 ಮಿ.ಗ್ರಾಂವರೆಗೆ ಮೃದು, 120ರವರೆಗೆ ಸಾಧಾರಣ, 180ರವರೆಗೆ ಗಡಸು, ಅದರಾಚೆಗೆ ತೀರಾ ಗಡಸು ಎಂಬುದು ರೂಢಿಯ ವಿಂಗಡಣೆ. ಭಾರತದ ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ 200 ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. 150ರೊಳಗಿನ ನೀರಿಗೆ ಸಾಫ್ಟ್‌ನರ್ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆಗಾಗ ಕೂತ ಸುಣ್ಣದ ಪೊರೆ ತೆಗೆದರೆ ಸಾಕು. 300 ದಾಟಿದ ಮೇಲೆ ಗೀಸರ್ ಮತ್ತು ವಾಷಿಂಗ್ ಮಷೀನಿನ ಆಯುಷ್ಯಕ್ಕಾಗಿಯಾದರೂ ಏನಾದರೂ ಮಾಡಲೇಬೇಕು.

ಕಾಯಿಸಿದರೆ ಕೂರುವುದು, ಕೂರದೆ ಉಳಿಯುವುದು

ಗಡಸುತನದಲ್ಲಿ ಒಂದು ಭಾಗ ತಾತ್ಕಾಲಿಕ. ಬೈಕಾರ್ಬೋನೇಟ್ ರೂಪದಲ್ಲಿರುವ ಕ್ಯಾಲ್ಸಿಯಂ ಬಿಸಿ ತಾಗಿದೊಡನೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಕಾರ್ಬೋನೇಟ್ ಆಗುತ್ತದೆ, ಕಲ್ಲಿನಂತೆ ಕೂರುತ್ತದೆ. ಸಲ್ಫೇಟ್, ಕ್ಲೋರೈಡ್ ಜೊತೆಗಿರುವ ಭಾಗ ಶಾಶ್ವತ. ಕುದಿಸಿದರೂ ನೀರಿನಲ್ಲೇ ಉಳಿದು ಸೋಪಿಗೆ ತೊಂದರೆ ಕೊಡುತ್ತದೆ. ವರದಿಯಲ್ಲಿ ಒಟ್ಟು ಕ್ಷಾರೀಯತೆ ಅಥವಾ ಆಲ್ಕಲಿನಿಟಿ ಎಂಬ ಅಂಕಿ ಇರುತ್ತದೆ. ಗಡಸುತನ ಅದಕ್ಕಿಂತ ಹೆಚ್ಚಿದ್ದರೆ ಕ್ಷಾರೀಯತೆಯಷ್ಟು ಭಾಗ ತಾತ್ಕಾಲಿಕ, ಮಿಕ್ಕಿದ್ದು ಶಾಶ್ವತ. ಗಡಸುತನವೇ ಕಡಿಮೆ ಇದ್ದರೆ ಎಲ್ಲವೂ ತಾತ್ಕಾಲಿಕ.

ಗೀಸರಿನಲ್ಲಿ ಎಷ್ಟು ಪೊರೆ ಕಟ್ಟೀತು ಎಂದು ಊಹಿಸಲು ಈ ಅಂಕಿ ಬೇಕು. ತಾತ್ಕಾಲಿಕ ಗಡಸುತನ 300 ಇದ್ದು, ತಿಂಗಳಿಗೆ 3,000 ಲೀಟರ್ ನೀರು ಗೀಸರ್ ಮೂಲಕ ಹಾಯ್ದರೆ, 900 ಗ್ರಾಂ ಸುಣ್ಣ ಅದರೊಳಗೆ ಬಂದು ಹೋಗುತ್ತದೆ. ಒಂದು ಪಾಲು ಮಾತ್ರ ಅಲ್ಲಿ ಕೂರುತ್ತದೆ, ಆದರೆ ಎಷ್ಟು ಕೂರಬೇಕೆಂಬುದನ್ನು ತಾಪಮಾನ ನಿರ್ಧರಿಸುತ್ತದೆ. ಸಕ್ಕರೆ, ಉಪ್ಪು ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತವೆ; ಕ್ಯಾಲ್ಸಿಯಂ ಕಾರ್ಬೋನೇಟ್ ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. 60 ಡಿಗ್ರಿ ದಾಟಿದ ಮೇಲೆ ಪೊರೆ ಕಟ್ಟುವುದು ಬಿರುಸಾಗುತ್ತದೆ. ಥರ್ಮೋಸ್ಟಾಟನ್ನು 75-80ಕ್ಕೆ ಇಟ್ಟು ತಣ್ಣೀರು ಬೆರೆಸಿ ಸ್ನಾನ ಮಾಡುವ ಬದಲು 60ಕ್ಕೆ ಇಡಿ. ಅದಕ್ಕಿಂತ ತೀರಾ ಕೆಳಗೂ ಬೇಡ, 50ಕ್ಕಿಂತ ಕಡಿಮೆ ಬಿಸಿಯಲ್ಲಿ ನಿಂತ ನೀರಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಲ್ಲದು.

ಕೂತ ಪೊರೆ ತೆಗೆಯುವುದು

ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು, ಮನೆಗೆಲಸಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಕೆಟಲ್‌ಗೆ ಲೀಟರ್ ನೀರಿಗೆ 40-50 ಗ್ರಾಂ. ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಪೊರೆ ಮುಳುಗುವಷ್ಟು ಹಾಕಿ ಒಂದು ಗಂಟೆ ಬಿಡಿ. ಬೇಗ ಆಗಲಿ ಎಂದು ಕುದಿಸಬೇಡಿ: ಕ್ಯಾಲ್ಸಿಯಂ ಸಿಟ್ರೇಟ್ ಬಿಸಿಯಲ್ಲಿ ಕಡಿಮೆ ಕರಗುವುದರಿಂದ ಹಳೆಯ ಪೊರೆ ಹೋದ ಜಾಗದಲ್ಲಿ ಹೊಸದೊಂದು ಬಿಳಿ ಪದರ ಕೂರುತ್ತದೆ. ನಲ್ಲಿಯ ತುದಿಯ ಜಾಲರಿ, ಶವರ್ ಮುಖಗಳನ್ನು ಬಿಚ್ಚಿ ವಿನೆಗರ್‌ನಲ್ಲಿ ಅಥವಾ ಇದೇ ದ್ರಾವಣದಲ್ಲಿ ಅರ್ಧ-ಒಂದು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ರಾತ್ರಿಯಿಡೀ ಬಿಟ್ಟರೆ ಕ್ರೋಮ್ ಲೇಪ ಮಂಕಾಗುತ್ತದೆ.

ಟೈಲ್ಸ್ ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲವನ್ನು ನಲ್ಲಿ, ಸ್ಟೀಲ್ ಸಿಂಕ್, ಗೀಸರ್‌ಗಳಿಗೆ ಮುಟ್ಟಿಸಬೇಡಿ. ಪೊರೆ ಕ್ಷಣದಲ್ಲಿ ಹೋಗುತ್ತದೆ ನಿಜ, ಜೊತೆಗೆ ಕ್ರೋಮ್ ಕೂಡ ಹೋಗುತ್ತದೆ, ಸ್ಟೀಲಿನಲ್ಲಿ ಸೂಜಿಮೊನೆಯಂಥ ಗುಳಿ ಬೀಳುತ್ತವೆ. ಅಮೃತಶಿಲೆಯ ಮೇಲೆ ಯಾವ ಆಮ್ಲವೂ ಬೇಡ; ಅಮೃತಶಿಲೆ ಕೂಡ ಕ್ಯಾಲ್ಸಿಯಂ ಕಾರ್ಬೋನೇಟೇ. ಇನ್ನು, ಯಾವುದೇ ಆಮ್ಲವನ್ನು ಬ್ಲೀಚ್ ಅಥವಾ ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು.

ಗೀಸರ್ ಬಿಚ್ಚುವ ಮುನ್ನ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರಷ್ಟೇ ಸಾಲದು. ನೀರು ತಣ್ಣಗಾದ ಮೇಲೆ ಒಳಬರುವ ವಾಲ್ವ್ ಮುಚ್ಚಿ, ಪೂರ್ತಿ ಖಾಲಿ ಮಾಡಿ. ಎಲಿಮೆಂಟಿರುವ ಫ್ಲಾಂಜ್ (ಬೋಲ್ಟು ಹಾಕಿದ ಮುಚ್ಚಳ) ತೆಗೆದರೆ ತಳದಲ್ಲಿ ಉದುರಿಬಿದ್ದ ಸುಣ್ಣದ ಚಕ್ಕೆಗಳು ಹಿಡಿಗಟ್ಟಲೆ ಸಿಗುತ್ತವೆ. ಅವನ್ನು ಕೈಯಿಂದ ಹೊರತೆಗೆಯಿರಿ. ವಿದ್ಯುತ್ ತುದಿಗಳು ಒದ್ದೆಯಾಗದಂತೆ ಎಲಿಮೆಂಟನ್ನು ಸಿಟ್ರಿಕ್ ದ್ರಾವಣದಲ್ಲಿ ನೆನೆಸಿ. ಸುತ್ತಿಗೆಯಿಂದ ಬಡಿದು ಪೊರೆ ಬಿಡಿಸಿದರೆ ಹೊರಕವಚ ಬಿರುಕು ಬಿಡುತ್ತದೆ. ಅಲ್ಲೇ ಇರುವ ಮೆಗ್ನೀಷಿಯಂ ಆನೋಡ್ ಕಡ್ಡಿಯನ್ನೂ ನೋಡಿ, ಒಳಗಿನ ತಂತಿ ಕಾಣುವಷ್ಟು ಸವೆದಿದ್ದರೆ ಬದಲಿಸಿ. ಅದು ಮುಗಿದ ಮೇಲೆ ತುಕ್ಕು ಟ್ಯಾಂಕನ್ನೇ ತಿನ್ನಲು ಶುರುಮಾಡುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ಒಂದೇ ಸಮ ನೀರು ಬಂದ ಮೇಲಷ್ಟೇ ಪ್ಲಗ್ ಹಾಕಿ. ಒಣ ಟ್ಯಾಂಕಿನಲ್ಲಿ ಎಲಿಮೆಂಟ್ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ.

ಬಟ್ಟೆಗೆ ವಾಷಿಂಗ್ ಸೋಡಾ

ಸಾಫ್ಟ್‌ನರ್ ಇಲ್ಲದವರಿಗೆ ಬಟ್ಟೆಯ ಮಟ್ಟಿಗೆ ಅಗ್ಗದ ದಾರಿ ವಾಷಿಂಗ್ ಸೋಡಾ. 100 ಗ್ರಾಂ ಗಡಸುತನಕ್ಕೆ 106 ಗ್ರಾಂ ಒಣ ಸೋಡಾ, ಹರಳಿನದಾದರೆ 286 ಗ್ರಾಂ ಬೇಕು. 40 ಲೀಟರ್ ನೀರು, ಗಡಸುತನ 400 ಎಂದರೆ 16 ಗ್ರಾಂ. ಅದಕ್ಕೆ ಒಣ ಸೋಡಾ 17 ಗ್ರಾಂ ಅಥವಾ ಹರಳು 46 ಗ್ರಾಂ. ಮೊದಲು ಸೋಡಾ ಕರಗಿಸಿ, ನೀರು ಮಸುಕಾಗಲು ಬಿಟ್ಟು, ಆಮೇಲೆ ಸೋಪು ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಸೋಪು ಮೊದಲೇ ಕ್ಯಾಲ್ಸಿಯಂ ಹಿಡಿದು ಜಿಡ್ಡಾಗಿ ಬಟ್ಟೆಗೆ ಅಂಟುತ್ತದೆ. ಉಣ್ಣೆ, ರೇಷ್ಮೆಗೆ ಸೋಡಾ ಆಗದು.

ಸಾಫ್ಟ್‌ನರ್: ಗಾತ್ರದ ಲೆಕ್ಕ

ಸಾಫ್ಟ್‌ನರಿನೊಳಗೆ ಇರುವುದು ಸಾಸಿವೆಗಿಂತ ಸಣ್ಣ ರೆಸಿನ್ ಮಣಿಗಳು. ಅವು ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ತುಂಬಿದ ಮೇಲೆ ಉಪ್ಪುನೀರು ಹಾಯಿಸಿ ಹಿಡಿದದ್ದನ್ನು ಬಿಡಿಸಬೇಕು, ಇದೇ ರೀಜನರೇಷನ್.

ಲೀಟರ್ ರೆಸಿನ್‌ಗೆ ಸುಮಾರು 100 ಗ್ರಾಂ ಉಪ್ಪು ಬಳಸಿ ರೀಜನರೇಟ್ ಮಾಡಿದರೆ, ಆ ಒಂದು ಲೀಟರ್ ಸುಮಾರು 45 ಗ್ರಾಂ ಗಡಸುತನ ಹಿಡಿಯುತ್ತದೆ. ಉಪ್ಪನ್ನು 240 ಗ್ರಾಂಗೆ ಏರಿಸಿದರೂ ಹಿಡಿತ 68 ಗ್ರಾಂಗೆ ಮಾತ್ರ ಏರುತ್ತದೆ. ಎರಡೂವರೆ ಪಟ್ಟು ಉಪ್ಪಿಗೆ ಒಂದೂವರೆ ಪಟ್ಟು ಕೆಲಸ! ಆದ್ದರಿಂದ ಕಡಿಮೆ ಉಪ್ಪಿನಲ್ಲಿ ಆಗಾಗ ರೀಜನರೇಟ್ ಮಾಡುವುದೇ ಲಾಭ. ಮಾರುವವರು ಹೇಳುವ ಸಾಮರ್ಥ್ಯ ಯಾವ ಉಪ್ಪಿನ ಅಳತೆಗೆ ಎಂದು ಕೇಳಲೇಬೇಕು.

ದಿನಕ್ಕೆ 500 ಲೀಟರ್ ಬಳಕೆ, ಗಡಸುತನ 400 ಎಂದುಕೊಳ್ಳಿ. ದಿನಕ್ಕೆ 200 ಗ್ರಾಂ ತೆಗೆಯಬೇಕು. 25 ಲೀಟರ್ ರೆಸಿನ್ ಇದ್ದರೆ ಒಂದು ಸುತ್ತಿಗೆ 1,125 ಗ್ರಾಂ, ಅಂದರೆ ಐದೂವರೆ ದಿನ. 5 ದಿನಕ್ಕೊಮ್ಮೆ ಎಂದಿಟ್ಟುಕೊಳ್ಳಿ; ಪ್ರತಿ ಸಲ 2.5 ಕೆ.ಜಿ. ಉಪ್ಪು, ತಿಂಗಳಿಗೆ 15 ಕೆ.ಜಿ. ನಿಮ್ಮ ಅಂಕಿಗಳನ್ನು ಇದೇ ಲೆಕ್ಕಕ್ಕೆ ಹಾಕಿ ನೋಡಿ. ಮೂಲ ಬದಲಾಗುವ ಊರಿನಲ್ಲಿ ಅತಿ ಗಡಸು ತಿಂಗಳ ಅಂಕಿಯಿಂದ ಗಾತ್ರ ನಿರ್ಧರಿಸಿ, ಮೃದು ನೀರು ಬರುವಾಗ ಅವಧಿ ಹೆಚ್ಚಿಸಿ. ದಿನ ಎಣಿಸುವ ಟೈಮರ್ ವಾಲ್ವ್‌ಗಿಂತ ಲೀಟರ್ ಎಣಿಸುವ ಮೀಟರ್ ವಾಲ್ವ್ ಇಂಥಲ್ಲಿ ಉತ್ತಮ.

ಎಲ್ಲಿ ಜೋಡಿಸಬೇಕು ಎಂಬುದರಲ್ಲಿ ತಪ್ಪು ಹೆಚ್ಚು. ಒಂದು ಮಹಡಿ ಎತ್ತರದ ಟ್ಯಾಂಕಿನಿಂದ ಕೆಳಗಿನ ನಲ್ಲಿಗೆ ಸಿಗುವ ಒತ್ತಡ ಸುಮಾರು 0.3 ಬಾರ್, 10 ಮೀಟರ್ ಎತ್ತರಕ್ಕೆ 1 ಬಾರ್. ಸ್ವಯಂಚಾಲಿತ ವಾಲ್ವ್‌ಗಳು ಉಪ್ಪುನೀರನ್ನು ಎಳೆಯಲು ಇದಕ್ಕಿಂತ ಬಹಳ ಹೆಚ್ಚು ಒತ್ತಡ ಬೇಡುತ್ತವೆ. ಆದ್ದರಿಂದ ಸಂಪಿನ ಪಂಪು ಮತ್ತು ಮೇಲಿನ ಟ್ಯಾಂಕಿನ ನಡುವೆ ಜೋಡಿಸುವುದು ರೂಢಿ. ಆಗ ಪಂಪಿನ ವೇಗ ಗಮನಿಸಿ. ಗಂಟೆಗೆ ರೆಸಿನ್ ಗಾತ್ರದ 40 ಪಟ್ಟಿಗಿಂತ ಹೆಚ್ಚು ನೀರು ಹಾಯಿಸಬಾರದು, ಅಂದರೆ 25 ಲೀಟರಿಗೆ ಗಂಟೆಗೆ 1,000 ಲೀಟರ್. ಪಂಪು 2,000 ಲೀಟರ್ ಎತ್ತುತ್ತಿದ್ದರೆ ನೀರು ಸರಿಯಾಗಿ ಮೃದುವಾಗದೆ ಹಾಯ್ದುಹೋಗುತ್ತದೆ. ವಾಲ್ವ್ ಹಾಕಿ ವೇಗ ತಗ್ಗಿಸಿ, ಇಲ್ಲವೇ ದೊಡ್ಡ ಪಾತ್ರೆ ಕೊಳ್ಳಿ. ಸಾಫ್ಟ್‌ನರಿಗೆ ಮೊದಲು ಕಸ ತಡೆಯುವ ಫಿಲ್ಟರ್ ಇರಲಿ.

ಗಿಡಗಳ ನಲ್ಲಿ, ಫ್ಲಶ್, ಕುಡಿಯುವ ನೀರಿನ ನಲ್ಲಿ ಈ ಮೂರನ್ನೂ ಸಾಫ್ಟ್‌ನರಿನಿಂದ ಹೊರಗಿಡಿ. 100 ಗಡಸುತನ ತೆಗೆದಾಗ ಲೀಟರಿಗೆ 46 ಮಿ.ಗ್ರಾಂ ಸೋಡಿಯಂ ಸೇರುತ್ತದೆ. 400ಕ್ಕೆ 184 ಮಿ.ಗ್ರಾಂ. ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದವರಿಗೆ ಇದು ಲೆಕ್ಕಕ್ಕೆ ಬರುವಷ್ಟು. ಸೋಡಿಯಂ ಸೇರಿದ ನೀರು ಮಣ್ಣಿನ ಹದವನ್ನೂ ಕೆಡಿಸುತ್ತದೆ. ರೀಜನರೇಷನ್ನಿನ ಉಪ್ಪುನೀರನ್ನು ಗಿಡದ ಬುಡಕ್ಕಾಗಲೀ ಬಾವಿಯ ಹತ್ತಿರವಾಗಲೀ ಬಿಡಬಾರದು.

ಕೈಯಿಂದ ರೀಜನರೇಟ್ ಮಾಡುವವರಿಗೆ ಕ್ರಮ: ಮೊದಲು ಕೆಳಗಿನಿಂದ ಮೇಲಕ್ಕೆ 10 ನಿಮಿಷ ನೀರು ಹಾಯಿಸಿ ಕಸ ಹೊರಹಾಕಿ. 2.5 ಕೆ.ಜಿ. ಉಪ್ಪನ್ನು 7 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಉಪ್ಪುನೀರನ್ನು ಎಳೆದು ನೀರಿಗೆ ಬೆರೆಸುವ ಇಂಜೆಕ್ಟರ್ ಮೂಲಕ ಸುಮಾರು ಶೇ. 10ಕ್ಕೆ ತೆಳುವಾಗುವಂತೆ, 20-30 ನಿಮಿಷ ನಿಧಾನವಾಗಿ ಎಳೆಯಲು ಬಿಡಿ. ಅದೇ ನಿಧಾನಗತಿಯಲ್ಲಿ ಇನ್ನೊಂದು 20 ನಿಮಿಷ ಬರಿಯ ನೀರು, ಕೊನೆಗೆ 5-10 ನಿಮಿಷ ವೇಗದ ತೊಳೆತ. ಅವಸರದಲ್ಲಿ ಉಪ್ಪುನೀರನ್ನು ಐದು ನಿಮಿಷದಲ್ಲಿ ನುಗ್ಗಿಸಿದರೆ ಉಪ್ಪು ದಂಡ, ರೆಸಿನ್ ಅರೆಬರೆ. ಹರಳುಪ್ಪು ಅಥವಾ ಸಾಫ್ಟ್‌ನರ್ ಮಾತ್ರೆ ಬಳಸಿ. ಮೇಜಿನ ಪುಡಿ ಉಪ್ಪಿನಲ್ಲಿ ಗಂಟುಗಟ್ಟದಂತೆ ಸೇರಿಸಿದ ಪುಡಿಗಳು ತಳದಲ್ಲಿ ಕೆಸರಾಗುತ್ತವೆ.

ರೀಜನರೇಷನ್ ಆದ ಮೇಲೂ ಕಿಟ್‌ನಲ್ಲಿ ಕೆಂಪು ಬಂದರೆ ನೀರನ್ನು ಯಂತ್ರದೊಳಗೆ ಬಿಡದೆ ಪಕ್ಕದಿಂದ ಹಾಯಿಸುವ ಬೈಪಾಸ್ ವಾಲ್ವ್ ಅರೆ ತೆರೆದಿದೆಯೇ ಎಂದು ಮೊದಲು ನೋಡಿ, ಬಹಳ ಸಲ ಅಷ್ಟೇ ಆಗಿರುತ್ತದೆ. ನಂತರ ಉಪ್ಪಿನ ಡಬ್ಬಿ: ಮೇಲೆ ಗಟ್ಟಿ ಪದರ ಕಟ್ಟಿ ಕೆಳಗೆ ಪೊಳ್ಳಾಗಿರಬಹುದು, ಕೋಲಿನಿಂದ ಚುಚ್ಚಿ ನೋಡಿ. ಉಪ್ಪುನೀರಿನ ಮಟ್ಟ ಇಳಿಯುತ್ತಲೇ ಇಲ್ಲವಾದರೆ ಇಂಜೆಕ್ಟರಿನ ಸಣ್ಣ ತೂತು ಕಟ್ಟಿದೆ. ಇವೆಲ್ಲ ಸರಿಯಿದ್ದು ಹಿಡಿತ ತಿಂಗಳಿಂದ ತಿಂಗಳಿಗೆ ಕುಸಿಯುತ್ತಿದ್ದರೆ ರೆಸಿನ್ ಮೇಲೆ ಕಬ್ಬಿಣ ಕೂತಿರಬೇಕು. ಮಣಿಗಳು ಹೊನ್ನಿನ ಬಣ್ಣ ಬಿಟ್ಟು ಕಂದುಗೆಂಪಾಗಿರುತ್ತವೆ. ಕಬ್ಬಿಣ ಹೆಚ್ಚಿರುವ ನೀರಿಗೆ ಮೊದಲು ಕಬ್ಬಿಣ ತೆಗೆಯುವ ಫಿಲ್ಟರ್ ಬೇಕೇ ಬೇಕು. ನಲ್ಲಿಯಲ್ಲಿ ಮಣಿಗಳೇ ಬರುತ್ತಿದ್ದರೆ ಪಾತ್ರೆಯೊಳಗಿನ ಕೆಳ ಜಾಲರಿ ಒಡೆದಿದೆ.

ಪೈಪಿಗೆ ಕಟ್ಟುವ ಅಯಸ್ಕಾಂತ, ತಂತಿ ಸುತ್ತುವ ಪೆಟ್ಟಿಗೆಗಳ ಮೇಲೆ ದುಡ್ಡು ಹಾಕಬೇಡಿ. ಅದರ ಹಿಂದೆ, ಮುಂದೆ ಟೈಟ್ರೇಷನ್ ಮಾಡಿ. ಅಂಕಿ ಒಂದೇ ಬರುತ್ತದೆ. ಪಾಲಿಫಾಸ್ಫೇಟ್ ಹರಳಿನ ಫಿಲ್ಟರ್ ಬೇರೆ ವಿಷಯ. ಅದೂ ಗಡಸುತನ ತೆಗೆಯುವುದಿಲ್ಲ, ಆದರೆ ಸುಣ್ಣ ಹರಳುಗಟ್ಟುವುದನ್ನು ತಡೆಯುತ್ತದೆ. ವಾಷಿಂಗ್ ಮಷೀನಿನ ಮುಂದೆ ಸಾಕಷ್ಟು ಕೆಲಸ ಮಾಡುತ್ತದೆ, ಹೆಚ್ಚು ಬಿಸಿಯಲ್ಲಿ ಫಾಸ್ಫೇಟೇ ಒಡೆಯುವುದರಿಂದ ಗೀಸರಿನಲ್ಲಿ ಅಷ್ಟಕ್ಕಷ್ಟೆ.

ಆರ್‌ಓ ಬೇಕಾಗುವುದು ಟಿಡಿಎಸ್ ತೀರಾ ಹೆಚ್ಚಿದ್ದು ರುಚಿ ಕೆಟ್ಟಿದ್ದರೆ, ಅಥವಾ ಫ್ಲೋರೈಡ್, ನೈಟ್ರೇಟ್ ಮಿತಿ ಮೀರಿದ್ದರೆ. 500ರೊಳಗಿನ ಟಿಡಿಎಸ್ ನೀರಿಗೆ, ಬೇರೆ ದೋಷ ಇಲ್ಲದಿದ್ದರೆ, ಅದು ಅನಗತ್ಯ. ಮನೆಯ ಯಂತ್ರಗಳು ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಚೆಲ್ಲುತ್ತವೆ. ಆ ನೀರನ್ನು ನೆಲ ಒರೆಸಲು, ಫ್ಲಶ್ಶಿಗೆ ಬಳಸಿ. ಗಡಸುತನ ಹೆಚ್ಚಿರುವಲ್ಲಿ ಮೆಂಬ್ರೇನಿನ ಮೇಲೂ ಸುಣ್ಣ ಕಟ್ಟುತ್ತದೆ, ಅದಕ್ಕೆ ಸುಣ್ಣ ತಡೆಯುವ ಕಾರ್ಟ್ರಿಡ್ಜ್ ಮುಂದಿರಬೇಕು.

ಕುಡಿಯಲು ಸುರಕ್ಷಿತವೇ?

ಕಣ್ಣು, ಮೂಗಿಗೆ ಸಿಗುವ ಸುಳಿವುಗಳಿಂದ ಶುರುಮಾಡಿ. ಲೋಟದ ನೀರು ಹಾಲುಬಿಳುಪಾಗಿದ್ದು ತಳದಿಂದ ಮೇಲಕ್ಕೆ ತಿಳಿಯಾದರೆ ಅದು ಗಾಳಿಯ ಗುಳ್ಳೆ, ಚಿಂತೆಯಿಲ್ಲ. ಮೇಲಿನಿಂದ ತಿಳಿಯಾಗುತ್ತ ತಳದಲ್ಲಿ ಗಸಿ ಕೂತರೆ ಮಣ್ಣು. ಹಿಡಿದಾಗ ತಿಳಿಯಾಗಿದ್ದು ಗಂಟೆಗಳ ನಂತರ ಕೆಂಪಾದರೆ ಕಬ್ಬಿಣ, ಲೀಟರಿಗೆ 0.3 ಮಿ.ಗ್ರಾಂ ಇದ್ದರೇ ಬಟ್ಟೆ, ಬೇಸಿನ್ನಿಗೆ ಕಲೆಯಾಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಿಸಿನೀರಿನಲ್ಲಿ ಮಾತ್ರ ಬಂದರೆ ಗೀಸರ್ ಕಾರಣ, ಎರಡರಲ್ಲೂ ಬಂದರೆ ಮೂಲವೇ.

ಆದರೆ ಸಣ್ಣ ಊರಿನ ನಿಜವಾದ ಅಪಾಯ ಕಣ್ಣಿಗೆ ಕಾಣದ್ದು. ದಿನಕ್ಕೆ ಒಂದೆರಡು ಗಂಟೆ, ಅಥವಾ ಎರಡು ದಿನಕ್ಕೊಮ್ಮೆ ನೀರು ಬಿಡುವಲ್ಲಿ, ಮಿಕ್ಕ ಹೊತ್ತು ಕೊಳವೆ ಖಾಲಿ. ಆಗ ಒಡೆದ ಜೋಡಣೆಗಳ ಮೂಲಕ ಪಕ್ಕದ ಚರಂಡಿಯ ನೀರು ಒಳಗೆ ಸೇರುತ್ತದೆ. ಬೀದಿ ಕೊಳವೆಗೆ ನೇರವಾಗಿ ಪಂಪು ಕಟ್ಟಿ ಎಳೆದರಂತೂ ಆ ಕೊಳೆಯನ್ನು ನಾವೇ ಕರೆದುಕೊಂಡಂತೆ, ನೆರೆಯವರಿಗೂ ಹಂಚಿದಂತೆ. ನೀರು ತಾನಾಗಿ ಸಂಪಿಗೆ ಬೀಳಲಿ, ಪಂಪು ಸಂಪಿನಿಂದ ಎತ್ತಲಿ. ನೀರು ಬಿಟ್ಟ ಮೊದಲ ಕೆಲವು ನಿಮಿಷದ್ದನ್ನು ಕುಡಿಯುವ ಪಾತ್ರೆಗೆ ಹಿಡಿಯದೆ ತೊಳೆಯುವುದಕ್ಕೆ ಬಳಸಿ.

ಇದನ್ನು ಪತ್ತೆಹಚ್ಚಲು ಕ್ಲೋರಿನ್ ಕಿಟ್ ಅತ್ಯಂತ ಉಪಯೋಗಿ. ಡಿಪಿಡಿ ಮಾತ್ರೆ ಹಾಕಿದರೆ ಕ್ಲೋರಿನ್ ಇರುವಷ್ಟು ಗುಲಾಬಿ ಬಣ್ಣ ಬರುತ್ತದೆ. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕು. ಹಿಡಿದ ಕೂಡಲೇ ಅಳೆಯಿರಿ. ಮೊದಲು ಬೀದಿ ನಲ್ಲಿ, ನಂತರ ಸಂಪು, ನಂತರ ಮೇಲಿನ ಟ್ಯಾಂಕು. ಬೀದಿಯಲ್ಲಿ 0.5 ಇದ್ದು ಟ್ಯಾಂಕಿನಲ್ಲಿ ಶೂನ್ಯವಾದರೆ ಟ್ಯಾಂಕ್ ತೊಳೆಯುವ ಕಾಲ ಬಂದಿದೆ. ಬೀದಿಯಲ್ಲೇ ಶೂನ್ಯವಾದರೆ ಆ ದಿನದ ನೀರನ್ನು ಕುದಿಸದೆ ಕುಡಿಯಬೇಡಿ, ನೀರು ಬಿಡುವವರಿಗೆ ದಿನಾಂಕ, ಸಮಯ, ಅಂಕಿ ಸಮೇತ ತಿಳಿಸಿ.

ರೋಗಾಣುವಿನ ಸುಳಿವಿಗೆ ಎಚ್2ಎಸ್ (ಹೈಡ್ರೋಜನ್ ಸಲ್ಫೈಡ್) ಸೀಸೆ ಇದೆ. ಒಳಭಾಗ ಮುಟ್ಟದೆ, ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಿ. ಕಪ್ಪಾದರೆ ಮಲಿನತೆಯ ಶಂಕೆ. ತುಂಬಿದ ತಕ್ಷಣವೇ ಕಪ್ಪಾದರೆ ಅಂತರ್ಜಲದಲ್ಲೇ ಸಲ್ಫೈಡ್ ಇದೆ, ಆ ಪರೀಕ್ಷೆ ಅಲ್ಲಿ ನಡೆಯದು. ಕಪ್ಪಾಗಲಿಲ್ಲ ಎಂದರೆ ವೈರಸ್ ಕೂಡ ಇಲ್ಲ ಎಂದಲ್ಲ. ಪ್ರಯೋಗಾಲಯಕ್ಕೆ ಕಳಿಸುವಾಗ ಅವರೇ ಕೊಡುವ ಸ್ಟೆರೈಲ್ ಸೀಸೆ ಬಳಸಿ, ನಲ್ಲಿಯ ಬಾಯನ್ನು ಸ್ಪಿರಿಟ್‌ನಿಂದ ಒರೆಸಿ, 2-3 ನಿಮಿಷ ನೀರು ಬಿಟ್ಟು ಹಿಡಿದು, ಮಂಜುಗಡ್ಡೆಯ ಜೊತೆ 6 ಗಂಟೆಯೊಳಗೆ ತಲುಪಿಸಿ. 100 ಮಿ.ಲೀ.ನಲ್ಲಿ ಮಲದಿಂದ ಬರುವ ಇ. ಕೋಲೈ ಬ್ಯಾಕ್ಟೀರಿಯಾ ಒಂದೂ ಇರಕೂಡದು. ಅದೇ ಸಲ ಫ್ಲೋರೈಡ್, ನೈಟ್ರೇಟ್ ಕೂಡ ಬರೆಸಿ. ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ, ನೈಟ್ರೇಟ್ 45 ಮಿ.ಗ್ರಾಂ ಮೀರಬಾರದು. ಕುದಿಸಿದರೆ ಇವೆರಡೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತವೆ. ನೈಟ್ರೇಟ್ ಹೆಚ್ಚಿರುವ ನೀರಿನಲ್ಲಿ ಆರು ತಿಂಗಳೊಳಗಿನ ಕೂಸಿಗೆ ಹಾಲಿನ ಪುಡಿ ಕಲಸಲೇಬಾರದು. ಅದು ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಗ್ಗಿಸುತ್ತದೆ.

ರೋಗಾಣುವಿಗೆ ಕುದಿಸುವುದೇ ಖಚಿತ ಮಾರ್ಗ: ಕೊತಕೊತ ಕುದಿಯಲು ಶುರುವಾಗಿ 1 ನಿಮಿಷ ಸಾಕು. ಅದು ಆಗದಾಗ ಶೇ. 5ರ, ಪರಿಮಳ ಸೇರದ ಬ್ಲೀಚ್ ದ್ರವವನ್ನು ತಿಳಿನೀರಿಗೆ ಲೀಟರಿಗೆ 2 ಹನಿ ಹಾಕಿ, 30 ನಿಮಿಷ ಬಿಡಿ.

ಟ್ಯಾಂಕ್ ಶುದ್ಧಿಗೆ, ಗಸಿ ತೆಗೆದು ಗೋಡೆ ತಿಕ್ಕಿದ ಮೇಲೆ 1,000 ಲೀಟರ್ ತುಂಬಿ, 1 ಲೀಟರ್ ಶೇ. 5ರ ಬ್ಲೀಚ್ ಅಥವಾ 150 ಗ್ರಾಂ ತಾಜಾ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕಲಕಿ ತಿಳಿಯನ್ನು ಹಾಕಿ. ಹಳೆಯ ಪೌಡರ್ ಗಾಳಿಗೆ ಶಕ್ತಿ ಕಳೆದುಕೊಂಡಿರುತ್ತದೆ, ಘಾಟಿಲ್ಲದಿದ್ದರೆ ಬಳಸಬೇಡಿ. ಪ್ರತಿ ನಲ್ಲಿಯನ್ನೂ ವಾಸನೆ ಬರುವವರೆಗೆ ತೆರೆದು ಮುಚ್ಚಿ, ರಾತ್ರಿಯಿಡೀ ಬಿಡಿ. ಈ ನೀರು ಸಾಫ್ಟ್‌ನರ್ ಮತ್ತು ಆರ್‌ಓ ಯಂತ್ರದೊಳಗೆ ಹೋಗದಂತೆ ಮೊದಲೇ ಬೈಪಾಸ್ ಮಾಡಿರಿ. ಇಷ್ಟು ಕ್ಲೋರಿನ್ ರೆಸಿನ್‌ಗೂ ಮೆಂಬ್ರೇನಿಗೂ ಹಾನಿ. ಬೆಳಿಗ್ಗೆ ಪೂರ್ತಿ ಖಾಲಿ ಮಾಡಿ, ಹೊಸ ನೀರು ತುಂಬಿ, ಕ್ಲೋರಿನ್ ಕಿಟ್‌ನಲ್ಲಿ ಅಳೆದು ಬೀದಿ ನಲ್ಲಿಯಷ್ಟೇ ಅಂಕಿ ಬಂದ ಮೇಲೆ ಕುಡಿಯಲು ಬಳಸಿ.